ಪತ್ತಾಯದಿಂದ ರ‍್ಯಾಕ್‌ಗೆ: ದಾಖಲೆಗಳು ಮನೆ ಬದಲಿಸಿದ ಚರಿತ್ರೆ

ಒಂದು ಸಮುದಾಯದ ಚರಿತ್ರೆಯನ್ನು ಬರೆಯ ಹೊರಟವರು, ಆ ಸಮುದಾಯ ಏನನ್ನು ಬರೆದಿಟ್ಟಿದೆ ಎಂದು ಕೇಳುತ್ತಾರೆ. ಬರೆದದ್ದನ್ನು ಎಲ್ಲಿಟ್ಟಿತ್ತು ಎಂದು ಕೇಳುವವರು ಕಡಿಮೆ. ಆದರೆ ನಮ್ಮಂತಹ ಮಳೆಯ ನಾಡಿನಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಮೊದಲನೆಯದಕ್ಕೆ ಉತ್ತರ ಸಿಗುವುದಿಲ್ಲ. ಬರೆದದ್ದೆಲ್ಲ ಉಳಿಯುವುದಿಲ್ಲ. ಇಟ್ಟ ಜಾಗ ಸರಿಯಾಗಿದ್ದರೆ ಮಾತ್ರ ಉಳಿಯುತ್ತದೆ.

ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಈಗ ಬರೆದದ್ದು, ಹಾಡಿದ್ದು, ಚಿತ್ರ ತೆಗೆದದ್ದು ಎಲ್ಲವೂ ಯಂತ್ರದೊಳಗೆ ಹೋಗಿ ಕುಳಿತಿದೆ. ಮೊಬೈಲ್ ತುಂಬಿದಾಗ ಕಂಪ್ಯೂಟರಿಗೆ, ಕಂಪ್ಯೂಟರ್ ತುಂಬಿದಾಗ ಇನ್ನೊಂದು ಡಿಸ್ಕಿಗೆ. ಆಸಕ್ತಿ ಇರುವ ಕೆಲವರು ಹಳೆಯ ಕಂಪ್ಯೂಟರೊಂದನ್ನು ಹಗಲಿರುಳೂ ಚಾಲೂ ಇಟ್ಟು, ಮನೆಯವರೆಲ್ಲರ ಕಡತಗಳನ್ನು ಅದರಲ್ಲಿ ಒಟ್ಟುಗೂಡಿಸುತ್ತಾರೆ. ಇದನ್ನು ಹೋಮ್ ಸರ್ವರ್ ಎನ್ನುತ್ತಾರೆ. ಸೇವೆ ಮಾಡುವ ಯಂತ್ರ ಎಂದಷ್ಟೇ ಇದರ ಅರ್ಥ. ಮೇಜಿನ ಕೆಳಗೋ ಮೆಟ್ಟಿಲಿನ ಅಡಿಯಲ್ಲೋ ನಿಂತಿರುವ ಈ ಡಬ್ಬಿಯನ್ನು ಒಂದು ದಿನ ಬಿಚ್ಚಿ, ಒಳಗಿನ ಸಾಮಾನನ್ನೆಲ್ಲ ಚಪ್ಪಟೆಯಾದ ಕಬ್ಬಿಣದ ಪೆಟ್ಟಿಗೆಗೆ ವರ್ಗಾಯಿಸಿ, ಆ ಪೆಟ್ಟಿಗೆಯನ್ನು ಕಂಬಗಳಿರುವ ಒಂದು ಚೌಕಟ್ಟಿಗೆ ಜಾರಿಸಿ ಕೂರಿಸುವುದು ಮುಂದಿನ ಹೆಜ್ಜೆ. ಅದು ರ‍್ಯಾಕ್-ಮೌಂಟ್ ಕೇಸ್. ನೋಡುವವರಿಗೆ ಇದು ಹುಡುಗರ ಹವ್ಯಾಸ. ಆದರೆ ಈ ಚೌಕಟ್ಟಿಗೆ ನೂರು ವರ್ಷಗಳ ಇತಿಹಾಸವಿದೆ. ವಸ್ತುವನ್ನು ಮನೆಯ ಪೆಟ್ಟಿಗೆಯಿಂದ ಎಲ್ಲರಿಗೂ ಒಪ್ಪಿಗೆಯಾದ ಅಳತೆಯ ಜಾಗಕ್ಕೆ ಸಾಗಿಸುವ ಪ್ರಶ್ನೆಗೆ ಅದಕ್ಕಿಂತಲೂ ದೀರ್ಘವಾದ ಇತಿಹಾಸವಿದೆ.

ಮನೆಯೇ ದಫ್ತರವಾಗಿದ್ದ ಕಾಲ

ಕನ್ನಡದಲ್ಲಿ ನಾವು ಇಂದು ಫೈಲ್ ಎಂಬುದಕ್ಕೆ ಕಡತ ಎನ್ನುತ್ತೇವೆ. ಈ ಪದ ಎಲ್ಲಿಂದ ಬಂತು? ಹಿಂದೆ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಹಚ್ಚಿ ಕಪ್ಪಗೆ ಮಾಡಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಆ ಮಡಿಕೆ ಪುಸ್ತಕಕ್ಕೆ ಕಡತ ಎಂದು ಹೆಸರು. ಲೆಕ್ಕ ಬರೆಯುತ್ತಿದ್ದವರು ಶಾನುಭೋಗರು. ವಂಶಪಾರಂಪರ್ಯವಾಗಿ ಬಂದ ಹುದ್ದೆಯಾದ್ದರಿಂದ ಊರಿನ ಭೂಮಿಯ ಲೆಕ್ಕವೆಲ್ಲ ಹೆಚ್ಚಾಗಿ ಅವರ ಮನೆಯಲ್ಲೇ ಇರುತ್ತಿತ್ತು. ಯಾರ ಗದ್ದೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಒಬ್ಬರ ಮನೆಯ ಅಟ್ಟದಲ್ಲಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಊರಿನ ಸರ್ವರ್ ಒಬ್ಬರ ಮನೆಯಲ್ಲಿತ್ತು. ಅವರು ಒಳ್ಳೆಯವರಾಗಿದ್ದರೆ ಊರು ಬದುಕಿತು, ಇಲ್ಲದಿದ್ದರೆ ಇಲ್ಲ.

ತಾಳೆಗರಿಯ ಗ್ರಂಥಗಳೂ ಮನೆಯಲ್ಲೇ ಇದ್ದವು. ಎರಡು ಮರದ ಹಲಗೆಗಳ ನಡುವೆ ಗರಿಗಳನ್ನಿಟ್ಟು, ದಾರದಿಂದ ಪೋಣಿಸಿ, ಬಟ್ಟೆ ಸುತ್ತಿ, ಅಡುಗೆಮನೆಯ ಹೊಗೆ ತಾಗುವ ಕಡೆ ಇಡುವುದು ವಾಡಿಕೆ. ಹೊಗೆ ಹುಳವನ್ನು ದೂರವಿಡುತ್ತದೆ. ಮುಸ್ಲಿಮರ ಮನೆಗಳಲ್ಲಿ ಅರಬಿ-ಮಲಯಾಳ ಲಿಪಿಯ ಕಿತಾಬುಗಳು, ಮೌಲೂದಿನ ಹೊತ್ತಗೆಗಳು, ಜಾಗದ ಪತ್ರಗಳು ಮರದ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಭತ್ತ ತುಂಬುವ ಪತ್ತಾಯವಿದ್ದ ಮನೆಗಳಲ್ಲಿ ಅದರ ಮೇಲೋ ಸಂದಿಯಲ್ಲೋ ಕಾಗದದ ಕಟ್ಟೊಂದು ಇರುತ್ತಿತ್ತು. ಮಸೀದಿಯ ನಿಕಾಹ್ ಪುಸ್ತಕ ಖತೀಬರ ಕೋಣೆಯಲ್ಲಿರುತ್ತಿತ್ತು. ಖತೀಬರು ಬದಲಾದಾಗ ಪುಸ್ತಕ ಉಳಿಯಿತೇ ಇಲ್ಲವೇ ಎಂಬುದು ಅದೃಷ್ಟದ ಮಾತಾಗಿತ್ತು.

ಇವುಗಳಿಗೆ ಶತ್ರುಗಳು ಹಲವು. ನಾಲ್ಕು ತಿಂಗಳ ಮಳೆ, ಗೆದ್ದಲು, ಬೆಂಕಿ, ನೆರೆ. ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಮತ್ತು ಕುಮಾರಧಾರಾ ಕೂಡುತ್ತವೆ. 1923 ಮತ್ತು 1974ರ ನೆರೆಗಳನ್ನು ನದಿ ದಂಡೆಯ ಜನ ತಲೆಮಾರುಗಳವರೆಗೆ ನೆನೆದರು. ನೆರೆ ಬಂದಾಗ ಜನ ಮಕ್ಕಳನ್ನೂ ದನಗಳನ್ನೂ ಎತ್ತರಕ್ಕೆ ಸಾಗಿಸುತ್ತಾರೆ. ಕಾಗದದ ಕಟ್ಟು ನೆನಪಾಗುವುದು ನೀರು ಇಳಿದ ಮೇಲೆ.

ಆ ಕಾಗದದ ಬೆಲೆ ಏನೆಂದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತಾದದ್ದು ಅದೇ 1974ರಲ್ಲಿ. ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ಗೇಣಿದಾರರು ಡಿಕ್ಲರೇಷನ್ ಹಾಕಬೇಕಾಯಿತು. ಏಳನೇ ನಮೂನೆಯ ಆ ಅರ್ಜಿಯ ಹೆಸರು ಇಂದಿಗೂ ಹಳೆಯ ಜನರ ಬಾಯಲ್ಲಿದೆ. ಭೂ ನ್ಯಾಯಮಂಡಳಿಯ ಮುಂದೆ ನಿಂತಾಗ, ಧಣಿಗಳು ಕೊಟ್ಟ ಗೇಣಿ ಚೀಟಿ ಕೈಯಲ್ಲಿದ್ದವನ ಮಾತಿಗೆ ಒಂದು ತೂಕ, ಇಲ್ಲದವನ ಮಾತಿಗೆ ಇನ್ನೊಂದು ತೂಕ. ಅಂಗೈಯಗಲದ ಒಂದು ಚೂರು ಕಾಗದ, ತೋಟವಾಗಿ ಮಕ್ಕಳಿಗೆ ಉಳಿಯಿತು. ಅದನ್ನು ಜೋಪಾನ ಮಾಡಿದ್ದು ಎಷ್ಟೋ ಮನೆಗಳಲ್ಲಿ ಓದು ಬಾರದ ಹೆಂಗಸರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಹಜ್ರತ್ ಹಫ್ಸಾರ ಮನೆಯ ಪಾಠ

ಮನೆಯಲ್ಲಿ ಇಟ್ಟದ್ದು ಲೋಕಕ್ಕೆ ತಲುಪಿದ್ದಕ್ಕೆ ಇಸ್ಲಾಮಿನ ಚರಿತ್ರೆಯಲ್ಲಿ ಎಲ್ಲರೂ ಬಲ್ಲ ಒಂದು ಉದಾಹರಣೆಯಿದೆ. ಕುರ್‌ಆನಿನ ಪಾವಿತ್ರ್ಯವನ್ನು ಯಂತ್ರದ ಜೊತೆ ಹೋಲಿಸುವುದು ಇಲ್ಲಿ ಉದ್ದೇಶವಲ್ಲ. ಕಾಪಾಡಿದವರ ಕ್ರಮವನ್ನು ಗಮನಿಸುವುದಷ್ಟೇ ಉದ್ದೇಶ. ಪ್ರವಾದಿ(ಸ)ಯವರ ನಿಧನದ ನಂತರ ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಅನೇಕರು ಹುತಾತ್ಮರಾದರು. ಹಜ್ರತ್ ಉಮರ್(ರ)ರಿಗೆ ಆತಂಕವಾಯಿತು. ನೆನಪು ಎದೆಗಳಲ್ಲಿ ಮಾತ್ರ ಇದ್ದರೆ ಎದೆಗಳ ಜೊತೆ ಮಣ್ಣಾಗುತ್ತದೆ. ಅವರ ಒತ್ತಾಯದಿಂದ ಖಲೀಫ ಅಬೂಬಕರ್(ರ)ರು ಝೈದ್ ಬಿನ್ ಸಾಬಿತ್(ರ)ರಿಗೆ ಆ ಕೆಲಸ ವಹಿಸಿದರು. ಖರ್ಜೂರದ ಗರಿಯ ದಂಟು, ತೆಳು ಕಲ್ಲು, ತೊಗಲು, ಮತ್ತು ಬಲ್ಲವರ ಬಾಯಿಂದ ಅವರು ಒಂದೊಂದನ್ನೂ ಹುಡುಕಿ ಹಾಳೆಗಳಲ್ಲಿ ಒಟ್ಟುಗೂಡಿಸಿದರು.

ಆ ಹಾಳೆಗಳು ಅಬೂಬಕರ್(ರ)ರ ಬಳಿ ಇದ್ದವು, ಬಳಿಕ ಉಮರ್(ರ)ರ ಬಳಿ, ಅವರ ನಂತರ ಮಗಳು ಹಜ್ರತ್ ಹಫ್ಸಾ(ರ)ರ ಬಳಿ. ಖಲೀಫ ಉಸ್ಮಾನ್(ರ)ರ ಕಾಲದಲ್ಲಿ ಓದುವ ಕ್ರಮದ ಬಗ್ಗೆ ಭಿನ್ನತೆ ತಲೆದೋರಿದಾಗ, ಅವರು ಹಫ್ಸಾ(ರ)ರಿಂದ ಆ ಹಾಳೆಗಳನ್ನು ತರಿಸಿಕೊಂಡರು. ಝೈದ್(ರ) ಸೇರಿದಂತೆ ನಾಲ್ವರಿಂದ ಪ್ರತಿ ಮಾಡಿಸಿದರು. ಮೂಲವನ್ನು ಹಫ್ಸಾ(ರ)ರಿಗೆ ಹಿಂದಿರುಗಿಸಿದರು. ಪ್ರತಿಗಳನ್ನು ಬೇರೆ ಬೇರೆ ಪ್ರಾಂತ್ಯಗಳಿಗೆ ಕಳುಹಿಸಿದರು.

ಇದರಲ್ಲಿ ನಾಲ್ಕು ಸಂಗತಿಗಳಿವೆ. ಚದುರಿದ್ದನ್ನು ಒಂದೆಡೆ ತರುವುದು. ನಂಬಿಕಸ್ತರೊಬ್ಬರ ಕೈಯಲ್ಲಿ ಅಮಾನತ್ ಇಡುವುದು. ಒಪ್ಪಿತ ರೂಪದಲ್ಲಿ ಪ್ರತಿ ಮಾಡುವುದು. ಪ್ರತಿಗಳನ್ನು ದೂರದ ಊರುಗಳಲ್ಲಿ ಇಡುವುದು. ಇಂದು ಕಂಪ್ಯೂಟರ್ ಬಲ್ಲವರು ಹೇಳುವ ಬುದ್ಧಿಮಾತಿನಲ್ಲಿ ಈ ನಾಲ್ಕಕ್ಕಿಂತ ಹೆಚ್ಚಿನದೇನೂ ಇಲ್ಲ.

ಹತ್ತೊಂಬತ್ತು ಇಂಚಿನ ಒಪ್ಪಂದ

ಈಗ ಮೂರನೆಯ ಸಂಗತಿ, ಒಪ್ಪಿತ ರೂಪ, ಯಂತ್ರಗಳ ಲೋಕಕ್ಕೆ ಹೇಗೆ ಬಂತೆಂದು ನೋಡೋಣ. ದೂರದ ಊರಿಗೆ ಟೆಲಿಫೋನ್ ಮಾತು ಸಾಗುವಾಗ ದಾರಿಯಲ್ಲಿ ಧ್ವನಿ ಕ್ಷೀಣಿಸುತ್ತದೆ. ಅದನ್ನು ನಡುನಡುವೆ ಎತ್ತಿ ಬಲಪಡಿಸಿ ಮುಂದಕ್ಕೆ ಕಳುಹಿಸುವ ಸಾಧನಕ್ಕೆ ರಿಪೀಟರ್ ಎಂದು ಹೆಸರು. ಅಮೆರಿಕದ ಎಟಿ ಅಂಡ್ ಟಿ ಕಂಪನಿ 1914ರಲ್ಲಿ ಇಂತಹ ಮೊದಲ ರಿಪೀಟರುಗಳನ್ನು ಹಾಕತೊಡಗಿತು. 1915ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಮಾತು ಹೋದದ್ದು ಇವುಗಳ ಬಲದಿಂದಲೇ. ಆದರೆ ಆ ಮೊದಲ ಸಾಧನಗಳನ್ನು ಇಟ್ಟದ್ದೆಲ್ಲಿ? ಕೈಗೆ ಸಿಕ್ಕಿದ ಹಲಗೆಯ ಮೇಲೆ, ಮರದ ಪೆಟ್ಟಿಗೆಯೊಳಗೆ, ಕಪಾಟಿನಲ್ಲಿ. ನಮ್ಮ ಪತ್ತಾಯದ ಸಂದಿಗೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಸಾಧನಗಳು ಹೆಚ್ಚಿದಂತೆ ಕಟ್ಟಡ ಸಾಲದಾಯಿತು. ಒಂದು ಕೆಟ್ಟರೆ ಅದನ್ನು ತೆಗೆದು ಇನ್ನೊಂದನ್ನು ಕೂರಿಸಲು ಬಡಗಿಯನ್ನೇ ಕರೆಯಬೇಕಾದ ಸ್ಥಿತಿ. ಆಗ ಕಂಪನಿಯ ಇಂಜಿನಿಯರುಗಳು ಎಲ್ಲವನ್ನೂ ಒಂದು ಅಳತೆಗೆ ತಂದರು. 1922ರ ಸುಮಾರಿಗೆ ಆ ಅಳತೆ ನೆಲೆಗೊಂಡಿತು. ಎರಡು ಕಬ್ಬಿಣದ ಕಂಬಗಳು. ಅವಕ್ಕೆ ಬಿಗಿಯುವ ಫಲಕದ ಅಗಲ 19 ಇಂಚು, ಅಂದರೆ 482.6 ಮಿಲಿಮೀಟರ್. ಎತ್ತರ ಎಷ್ಟಾದರೂ ಇರಲಿ, ಅದು ಒಂದೂಮುಕ್ಕಾಲು ಇಂಚಿನ ಮಡಿಯಲ್ಲಿರಬೇಕು. ಈ ಒಂದೂಮುಕ್ಕಾಲು ಇಂಚು, 44.45 ಮಿಲಿಮೀಟರ್, ಇಂದು ಒಂದು ಯೂನಿಟ್. ಅಂಗಡಿಯವರು ಒಂದು ಯು, ಎರಡು ಯು, ನಾಲ್ಕು ಯು ಎನ್ನುವುದು ಇದನ್ನೇ. ಮುಂದೆ ಅಮೆರಿಕದ ಇಲೆಕ್ಟ್ರಾನಿಕ್ ಉದ್ಯಮದ ಸಂಘಟನೆ ಈ ಅಳತೆಯನ್ನು ತನ್ನ ಮಾನಕವಾಗಿ ಬರೆದಿಟ್ಟಿತು. 1992ರಲ್ಲಿ ಅದನ್ನು ಪರಿಷ್ಕರಿಸಿತು. ಅಂತಾರಾಷ್ಟ್ರೀಯ ಮಾನಕವೂ ಬಂತು. ತಿರುಪಿನ ತೂತುಗಳ ಆಕಾರ, ಅಂತರಗಳು ಕಾಲಕಾಲಕ್ಕೆ ಬದಲಾದವು. ಅಗಲ ಬದಲಾಗಲಿಲ್ಲ.

ಯೋಚಿಸಿದರೆ ಇದು ಸಣ್ಣ ಸಂಗತಿಯಲ್ಲ. ಟೆಲಿಫೋನ್ ರಿಪೀಟರಿಗಾಗಿ ಹಾಕಿದ ಅಳತೆಯಲ್ಲಿ ಆಮೇಲೆ ರೇಡಿಯೋ ನಿಲಯದ ಸಾಧನ ಕುಳಿತಿತು, ಸಂಗೀತದ ಧ್ವನಿವರ್ಧಕ ಕುಳಿತಿತು, ಕಂಪ್ಯೂಟರ್ ಕುಳಿತಿತು. ಒಬ್ಬರನ್ನೊಬ್ಬರು ಎಂದೂ ನೋಡದ, ಒಬ್ಬರಿಗೊಬ್ಬರು ಪೈಪೋಟಿ ನಡೆಸುವ ಕಾರ್ಖಾನೆಗಳು ಆ ಒಂದು ಮಾತಿಗೆ ಬದ್ಧವಾಗಿ ನಿಂತವು. ತುಳುನಾಡಿನ ಹಳೆಯ ರೈತನಿಗೆ ಇದರ ಬೆಲೆ ಬೇಗ ಅರ್ಥವಾದೀತು. ಸೇರು, ಕಳಸೆ, ಮುಡಿಗಳ ಕಾಲದಲ್ಲಿ ಗೇಣಿ ಅಳೆಯುವ ಸೇರು ಒಂದು, ಸಾಲ ಕೊಡುವ ಸೇರು ಇನ್ನೊಂದು ಎಂಬ ದೂರು ಸಾಮಾನ್ಯವಾಗಿತ್ತು. ಅಳತೆಯಲ್ಲಿ ಮೋಸ ಮಾಡುವವರ ಹೆಸರನ್ನೇ ಹೊತ್ತ ಅಧ್ಯಾಯವೊಂದು ಕುರ್‌ಆನಿನಲ್ಲಿದೆ, ಅಲ್ ಮುತಫ್ಫಿಫೀನ್. ಸಮಾನ ಅಳತೆ ಎಂದರೆ ವ್ಯಾಪಾರದ ಅನುಕೂಲ ಮಾತ್ರವಲ್ಲ. ಅದು, ನಾನು ಇಲ್ಲದಾಗಲೂ ನಿನ್ನ ಕೆಲಸ ನಿಲ್ಲದಿರಲಿ ಎಂದು ಅಪರಿಚಿತನಿಗೆ ಕೊಡುವ ಮಾತು.

ಕಿತ್ತೂರಿಗೆ ಬಂದ ಚೌಕಟ್ಟು

ಈ ಸಾಲು ಸಾಲು ಚೌಕಟ್ಟುಗಳು ನಮ್ಮ ಹಳ್ಳಿಗಾಡಿಗೆ ಬಂದ ಕತೆ ಕರ್ನಾಟಕಕ್ಕೇ ಸೇರಿದ್ದು. ವಿದೇಶದ ದೊಡ್ಡ ಟೆಲಿಫೋನ್ ವಿನಿಮಯ ಕೇಂದ್ರಗಳು ನಗರಗಳಿಗಾಗಿ ಮಾಡಿದವು. ಅವಕ್ಕೆ ಹವಾನಿಯಂತ್ರಿತ ಕೋಣೆ ಬೇಕು, ಧೂಳಿಲ್ಲದ ಗಾಳಿ ಬೇಕು. ಹಳ್ಳಿಯಲ್ಲಿ ಅದೆಲ್ಲಿಂದ? ಸ್ಯಾಮ್ ಪಿತ್ರೋಡಾ ಅವರ ಮುನ್ನಡೆಯಲ್ಲಿ 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. 128 ಪೋರ್ಟುಗಳ, ಹವಾನಿಯಂತ್ರಣ ಬೇಡದ, ಬಿಸಿಲು ಧೂಳು ತಡೆಯುವ ಒಂದು ಗ್ರಾಮೀಣ ವಿನಿಮಯ ಕೇಂದ್ರವನ್ನು ಅದು ರೂಪಿಸಿತು. 1986ರಲ್ಲಿ ಅದರ ಮೊದಲ ಸ್ಥಾಪನೆ ನಡೆದದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ.

ಮುಂದಿನ ವರ್ಷಗಳಲ್ಲಿ ಇಲೆಕ್ಟ್ರಾನಿಕ್ ವಿನಿಮಯ ಕೇಂದ್ರಗಳು ಊರೂರಿಗೆ ಬಂದವು. ಹಳದಿ ಫಲಕದ ಎಸ್‌ಟಿಡಿ ಬೂತುಗಳು ಎದ್ದವು. ಕರಾವಳಿಯ ಮುಸ್ಲಿಮರ ಬದುಕಿನಲ್ಲಿ ಇದರ ಅರ್ಥ ಬೇರೆಯೇ. ಅದಕ್ಕೆ ಮೊದಲು ಗಲ್ಫಿನಲ್ಲಿದ್ದ ಗಂಡನಿಗೆ, ಮಗನಿಗೆ ಮಾತು ತಲುಪಿಸಬೇಕಾದರೆ ಕ್ಯಾಸೆಟ್ ತುಂಬಿಸಿ ರಜೆಯಲ್ಲಿ ಬಂದು ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಅಂಗಳದ ಕೋಳಿಯ ಕೂಗು, ಮಗುವಿನ ಮೊದಲ ತೊದಲು, ಅಜ್ಜಿಯ ಬ್ಯಾರಿ ಮಾತು, ನಡುನಡುವೆ ಅಳು, ಎಲ್ಲವೂ ಆ ಕಂದು ಪಟ್ಟಿಯ ಮೇಲೆ ಕುಳಿತಿತು. ಲಿಪಿ ವ್ಯಾಪಕವಾಗಿ ಬಳಕೆಯಲ್ಲಿಲ್ಲದ ಒಂದು ಭಾಷೆಗೆ ಈ ಕ್ಯಾಸೆಟ್ಟುಗಳೇ ತಾಳೆಗರಿ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದು 2007ರಲ್ಲಿ. ಅದಕ್ಕೂ ಎಷ್ಟೋ ಮೊದಲೇ, ತಾವು ದಾಖಲೆ ಮಾಡುತ್ತಿದ್ದೇವೆ ಎಂಬ ಅರಿವಿಲ್ಲದೆಯೇ, ನಮ್ಮ ಹೆಂಗಸರು ಆ ಭಾಷೆಯನ್ನು ದಾಖಲಿಸಿದ್ದರು. ಆ ಪಟ್ಟಿಗಳಿಗೆ ಇಂದು ಬೂಸ್ಟು ಹಿಡಿದಿದೆ. ಉಳಿದವನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದೇ ಹೊತ್ತಿಗೆ ಸರಕಾರದ ಕಡತಗಳೂ ಮನೆ ಬದಲಿಸಿದವು. ಭೂಮಿ ಎಂಬ ಯೋಜನೆಯಲ್ಲಿ ಕರ್ನಾಟಕವು 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಿಂದ ತಾಲೂಕು ಕಚೇರಿಯ ಯಂತ್ರಕ್ಕೆ ಬಂದ ಪಹಣಿ, ಕಿಂಡಿಯಲ್ಲಿ ಹಣ ಕಟ್ಟಿದ ಯಾರಿಗೂ ಸಿಗುವಂತಾಯಿತು. ಒಬ್ಬರ ಮರ್ಜಿ ಕಾಯುವ ಕಾಲ ಹೋಯಿತು. ಆದರೆ ನಮ್ಮವರ ಒಂದು ತೊಂದರೆ ಯಂತ್ರದಿಂದ ಪರಿಹಾರವಾಗಲಿಲ್ಲ. ಅಜ್ಜ ಪಹಣಿಯಲ್ಲಿ ಮೊಯ್ದು, ಶಾಲೆಯಲ್ಲಿ ಮೊಯ್ದೀನ್, ಪಾಸ್‌ಪೋರ್ಟಿನಲ್ಲಿ ಮುಹಿಯುದ್ದೀನ್. ಮೂವರೂ ಒಬ್ಬನೇ ಎಂದು ಊರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ಗೊತ್ತುಪಡಿಸುವ ಹಳೆಯ ಕಾಗದ ಮತ್ತೆ ಮನೆಯಲ್ಲೇ ಹುಡುಕಬೇಕು.

ಆಟಿಕೆಯ ಇಟ್ಟಿಗೆಯಿಂದ ಕಬ್ಬಿಣದ ಪೆಟ್ಟಿಗೆಗೆ

ಮನೆಯ ಸರ್ವರನ್ನು ನೋಡಿ ನಗುವವರಿಗೆ ಒಂದು ಮಾತು ಹೇಳಬೇಕು. ಇಂದು ಲೋಕದ ದೊಡ್ಡ ದತ್ತಾಂಶ ಭಂಡಾರಗಳನ್ನು ಹೊಂದಿರುವ ಗೂಗಲ್ ಶುರುವಾದದ್ದೂ ಹೀಗೆಯೇ. 1996ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 4 ಗಿಗಾಬೈಟಿನ ಹತ್ತು ಡಿಸ್ಕುಗಳನ್ನು ಜೋಡಿಸಿದರು. ಅವುಗಳನ್ನು ಇಡಲು ಪೆಟ್ಟಿಗೆ ಕಟ್ಟಿದ್ದು ಮಕ್ಕಳು ಆಡುವ ಲೆಗೋ ಇಟ್ಟಿಗೆಗಳಿಂದ. 1999ರಲ್ಲಿ ಅವರು ಚೌಕಟ್ಟಿಗೆ ಬಂದಾಗಲೂ ಹಣವಿಲ್ಲದೆ, ತಟ್ಟೆಗಳ ಮೇಲೆ ಬೆತ್ತಲೆ ಮದರ್‌ಬೋರ್ಡುಗಳನ್ನಿಟ್ಟು, ವಿದ್ಯುತ್ ತಾಗದಂತೆ ಅಡಿಗೆ ಕಾರ್ಕಿನ ಹಾಳೆ ಹಾಸಿದ್ದರು. ಅಂತಹ ಒಂದು ಚೌಕಟ್ಟು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಪೆಟ್ಟಿಗೆ ಬಡವಾಗಿರಬಹುದು. ಒಳಗಿನ ವ್ಯವಸ್ಥೆ ಬಡವಾಗಿರಬಾರದು.

ಸರಿ, ಮೇಜಿನ ಕೆಳಗಿನ ಡಬ್ಬಿಯನ್ನು ರ‍್ಯಾಕಿಗೆ ತರುವುದು ಹೇಗೆ? ಮನೆಯ ಸಾಮಾನ್ಯ ಕಂಪ್ಯೂಟರಿನ ಮದರ್‌ಬೋರ್ಡು 305 ಮತ್ತು 244 ಮಿಲಿಮೀಟರಿನ ಹಾಳೆಯಷ್ಟು ಇರುತ್ತದೆ. ಅದು, ಅದರ ಮಾಮೂಲಿ ವಿದ್ಯುತ್ ಡಬ್ಬಿ, ನಿಂತ ಕಾರ್ಡುಗಳು, ಇವೆಲ್ಲ ಸುಲಭವಾಗಿ ಹಿಡಿಸುವುದು ನಾಲ್ಕು ಯು, ಅಂದರೆ ಸುಮಾರು 178 ಮಿಲಿಮೀಟರ್ ಎತ್ತರದ ಪೆಟ್ಟಿಗೆಯಲ್ಲಿ. ಎರಡು ಯು ಪೆಟ್ಟಿಗೆಯಲ್ಲಿ ಗಿಡ್ಡ ಫ್ಯಾನು, ಗಿಡ್ಡ ಕಾರ್ಡುಗಳು ಬೇಕು. ಒಂದು ಯು ಪೆಟ್ಟಿಗೆಯಲ್ಲಿ ಕೂರುವ 40 ಮಿಲಿಮೀಟರಿನ ಪುಟ್ಟ ಫ್ಯಾನುಗಳು ಗಾಳಿ ತಳ್ಳಲು ಎಷ್ಟು ವೇಗವಾಗಿ ತಿರುಗಬೇಕೆಂದರೆ, ಅದರ ಶಿಳ್ಳೆಯಲ್ಲಿ ಮಗು ಮಲಗುವ ಮನೆಯಲ್ಲಿ ಇಡುವಂತಿಲ್ಲ. ಅಗಲ ಎಲ್ಲರಿಗೂ ಒಂದೇ ಎಂದು ಆಳವನ್ನು ಮರೆಯಬಾರದು. ಗೋಡೆಗೆ ತಗಲಿಸುವ ಸಣ್ಣ ಚೌಕಟ್ಟುಗಳು ಸ್ವಿಚ್ಚುಗಳಿಗಾಗಿ ಮಾಡಿದವು. ಸರ್ವರ್ ಪೆಟ್ಟಿಗೆ ಅದರಿಂದ ಹೊರಚಾಚಬಹುದು. ಟೇಪು ಹಿಡಿದು ಅಳೆಯದೆ ಹಣ ಕೊಡಬಾರದು.

ರ‍್ಯಾಕ್ ಪೆಟ್ಟಿಗೆಯ ಗುಣ ಅದರ ಗಾಳಿಯ ದಾರಿಯಲ್ಲಿದೆ. ಮುಂದಿನಿಂದ ತಂಪು ಗಾಳಿ ನುಗ್ಗಿ, ಡಿಸ್ಕುಗಳನ್ನು ಸವರಿ, ಹಿಂದಿನಿಂದ ಹೊರಗೆ. ಹಾಗಾಗಿ ಹಿಂಬದಿಯನ್ನು ಗೋಡೆಗೆ ಒತ್ತಿ ಇಟ್ಟರೆ ಪ್ರಯೋಜನವಿಲ್ಲ. ಭಾರವಾದ ಯುಪಿಎಸ್ ಎಲ್ಲಕ್ಕಿಂತ ಕೆಳಗೆ ಬರಬೇಕು, ಇಲ್ಲವಾದರೆ ಚೌಕಟ್ಟು ಮುಗ್ಗರಿಸುತ್ತದೆ. ಎಲ್ಲಕ್ಕೂ ಮೊದಲು, ಬಿಚ್ಚುವ ಮುನ್ನವೇ ಇನ್ನೊಂದು ಡಿಸ್ಕಿಗೆ ಪೂರ್ತಿ ಪ್ರತಿ ತೆಗೆದು ಅದು ತೆರೆಯುತ್ತದೆಯೇ ಎಂದು ನೋಡಬೇಕು. ಯಾವ ಡಿಸ್ಕು ಯಾವ ಕಿಂಡಿಯಲ್ಲಿತ್ತು ಎಂದು ಚೀಟಿ ಅಂಟಿಸಬೇಕು. ಮನೆ ಬದಲಿಸುವಾಗ ಪಾತ್ರೆಯ ಗೋಣಿಗೆ ಗುರುತು ಹಾಕುವ ಬುದ್ಧಿವಂತಿಕೆಯೇ ಇಲ್ಲಿಯೂ ಸಾಕು.

ನಮ್ಮ ತಾಲೂಕುಗಳಿಗೆ ವಿಶೇಷವಾದ ಎರಡು ಎಚ್ಚರಿಕೆಗಳಿವೆ. ಒಂದು ತೇವ. ಸದಾ ಚಾಲೂ ಇರುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಮಳೆಗಾಲವಿಡೀ ಮುಚ್ಚಿಟ್ಟ ಯಂತ್ರಕ್ಕೆ ತುಕ್ಕು, ಇರುವೆ, ಹಲ್ಲಿ ಬರುತ್ತವೆ. ಹೊಗೆ ತಾಗುವಲ್ಲಿ ಗ್ರಂಥ ಇಟ್ಟ ಹಿರಿಯರ ತರ್ಕ ಇದೇ, ಆದರೆ ಯಂತ್ರಕ್ಕೆ ಹೊಗೆ ಆಗದು. ಇನ್ನೊಂದು ಸಿಡಿಲು. ಮುಂಗಾರಿಗೆ ಮೊದಲು ಮತ್ತು ಮಳೆ ಹಿಂದೆಗೆಯುವಾಗ ಘಟ್ಟದ ಬುಡದಲ್ಲಿ ಅಬ್ಬರಿಸುವ ಗುಡುಗು ಮಿಂಚು ಎಷ್ಟು ಮೋಡೆಮ್‌ಗಳನ್ನು ಸುಟ್ಟಿದೆಯೆಂದು ರಿಪೇರಿ ಅಂಗಡಿಗಳನ್ನು ಕೇಳಬೇಕು. ತಾಮ್ರದ ತಂತಿ ಸಿಡಿಲನ್ನು ಮನೆಯೊಳಕ್ಕೆ ಕರೆತರುತ್ತಿತ್ತು. ಗಾಜಿನ ಎಳೆಯ ಫೈಬರ್ ಬಂದ ಮೇಲೆ ಆ ದಾರಿಯ ಭಯ ಕಡಿಮೆಯಾಗಿದೆ, ವಿದ್ಯುತ್ ಲೈನಿನ ದಾರಿ ಹಾಗೆಯೇ ಇದೆ. ಕಬ್ಬಿಣದ ಚೌಕಟ್ಟಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಅದು ರಕ್ಷಣೆಯಾಗುವ ಬದಲು ಅಪಾಯವಾಗುತ್ತದೆ.

ಕಾಗದ ಕೇಳುವ ಕಾಲ

ಇಷ್ಟೆಲ್ಲ ಏಕೆ, ಎಲ್ಲವೂ ದೂರದ ಕಂಪನಿಯ ಕ್ಲೌಡಿನಲ್ಲಿ ಇರುತ್ತದಲ್ಲ ಎಂದು ಕೇಳಬಹುದು. ಇರುತ್ತದೆ, ಬಾಡಿಗೆ ಕಟ್ಟುವವರೆಗೆ, ಖಾತೆಯ ಗುಪ್ತಪದ ನೆನಪಿರುವವರೆಗೆ. ಅದನ್ನೂ ಬಳಸೋಣ. ಆದರೆ ಅದೊಂದನ್ನೇ ನಂಬುವುದು, ಊರಿನ ಲೆಕ್ಕವನ್ನೆಲ್ಲ ಒಬ್ಬ ಶಾನುಭೋಗರ ಅಟ್ಟದಲ್ಲಿ ಇಟ್ಟ ಹಾಗೆ.

ನಾವು ಬದುಕುತ್ತಿರುವುದು ಕಾಗದ ಕೇಳುವ ಕಾಲದಲ್ಲಿ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯಿದೆ ಅಂಗೀಕಾರವಾಗಿ ಪೌರತ್ವ ನೋಂದಣಿಯ ಮಾತು ಎದ್ದಾಗ, ಅಜ್ಜ ಅಜ್ಜಿಯರ ಹೆಸರಿರುವ ಒಂದು ಹಾಳೆಗಾಗಿ ಮುಸ್ಲಿಮರ ಮನೆಗಳಲ್ಲಿ ಪೆಟ್ಟಿಗೆಗಳು ತಲೆಕೆಳಗಾದವು. 2025ರಲ್ಲಿ ವಕ್ಫ್ ತಿದ್ದುಪಡಿ ಕಾಯಿದೆ ಬಂತು. ಆ ವರ್ಷದ ಜೂನ್ 6ರಂದು ಉಮೀದ್ ಎಂಬ ಪೋರ್ಟಲ್ ತೆರೆದು, ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ಏರಿಸಬೇಕೆಂದು ಹೇಳಲಾಯಿತು. ಆ ಕಾಯಿದೆಯ ನ್ಯಾಯ ಅನ್ಯಾಯಗಳ ಬಗ್ಗೆ ಹೋರಾಡುವುದು ಬೇರೆ, ಹೋರಾಡಲೇಬೇಕು. ಆದರೆ ಅಜ್ಜಂದಿರು ಬರೆದುಕೊಟ್ಟ ಜಾಗದ ಪತ್ರ ಎಲ್ಲಿದೆ ಎಂದು ಮಸೀದಿಯ ಕಮಿಟಿಗೇ ಗೊತ್ತಿಲ್ಲದಿದ್ದರೆ, ಹೋರಾಟಕ್ಕೆ ಕಾಲೂರುವ ನೆಲವಿರುವುದಿಲ್ಲ. 1974ರ ಗೇಣಿ ಚೀಟಿಯ ಪಾಠವನ್ನು ಐವತ್ತು ವರ್ಷಗಳ ಬಳಿಕವೂ ನಾವು ಪೂರ್ತಿ ಕಲಿತಿಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದ ಸುತ್ತ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲಿ ಸುಳ್ಯದ ಕಡೆಯ ಶಿಬಿರಗಳಿಗೆ ಬಂದರು. ಮಣ್ಣಿನಡಿಯಲ್ಲಿ ಮನೆ ಹೋದರೆ ಮರದ ಪೆಟ್ಟಿಗೆಯೂ ಒಂದೇ, ರ‍್ಯಾಕ್ ಪೆಟ್ಟಿಗೆಯೂ ಒಂದೇ. ಆದ್ದರಿಂದ ಬಲ್ಲವರು ಹೇಳುವ ನಿಯಮ: ಪ್ರತಿ ಮೂರು ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಪುತ್ತೂರಿನ ಜಮಾಅತಿನ ಒಂದು ಪ್ರತಿ ಸುಳ್ಯದಲ್ಲಿ, ಸುಳ್ಯದ್ದು ಕಡಬದಲ್ಲಿ, ಕಡಬದ್ದು ಪುತ್ತೂರಿನಲ್ಲಿ ಇರಬಾರದೇಕೆ? ಒಂದೇ ಅಳತೆಯ ಚೌಕಟ್ಟು ಮೂರೂ ಕಡೆ ಇದ್ದರೆ, ಒಂದು ಕಡೆ ಯಂತ್ರ ಕೆಟ್ಟಾಗ ಇನ್ನೊಂದು ಕಡೆಯ ಬಿಡಿಭಾಗವನ್ನೋ ಇಡೀ ಪೆಟ್ಟಿಗೆಯನ್ನೋ ಬಸ್ಸಿನಲ್ಲಿ ತಂದು ಕೂರಿಸಬಹುದು. ಮನೆಯ ಸರ್ವರನ್ನು ರ‍್ಯಾಕಿಗೆ ತರುವುದರ ನಿಜವಾದ ಲಾಭ ಇದು. ಅದನ್ನು ಕಟ್ಟಿದ ಹುಡುಗ ಗಲ್ಫಿಗೆ ಹೋದ ಮೇಲೂ ಇನ್ನೊಬ್ಬ ಬಂದು ತಿರುಪು ಬಿಚ್ಚಬಹುದು.

ಖಾಸಗಿ ಸಂಗ್ರಹ ಸಾರ್ವಜನಿಕವಾದ ಒಂದು ದೊಡ್ಡ ಮಾದರಿ ಪಾಟ್ನಾದ ಖುದಾ ಬಖ್ಶ್ ಗ್ರಂಥಾಲಯ. ತಂದೆ ಮುಹಮ್ಮದ್ ಬಖ್ಶ್ 1876ರಲ್ಲಿ ತೀರಿಕೊಳ್ಳುವಾಗ ಸುಮಾರು 1,400 ಹಸ್ತಪ್ರತಿಗಳನ್ನು ಬಿಟ್ಟು, ಇದನ್ನು ಜನರಿಗೆ ತೆರೆಯಬೇಕೆಂದು ಮಗನಿಗೆ ಹೇಳಿದರು. ವಕೀಲರಾಗಿದ್ದ ಮಗ ಸಂಗ್ರಹವನ್ನು ಸುಮಾರು 4,000ಕ್ಕೆ ಬೆಳೆಸಿ, 1891ರಲ್ಲಿ ಸಾರ್ವಜನಿಕರಿಗೆ ತೆರೆದರು. 1969ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ನಮ್ಮ ನೆರೆಯ ಧರ್ಮಸ್ಥಳದ ವಸ್ತುಸಂಗ್ರಹಾಲಯಕ್ಕೆ ಮಂಜೂಷಾ ಎಂದು ಹೆಸರು. ಆ ಪದದ ಅರ್ಥವೂ ಪೆಟ್ಟಿಗೆಯೇ. ಪೆಟ್ಟಿಗೆ ಮನೆಯಿಂದ ಹೊರಬಂದು ಎಲ್ಲರ ಕಣ್ಣೆದುರು ಇಟ್ಟಾಗ ಅದು ಸಂಪತ್ತಾಗುತ್ತದೆ. ಎಲ್ಲವನ್ನೂ ಹೊರಗಿಡಬೇಕೆಂದಿಲ್ಲ. ಮನೆಯ ಕ್ಯಾಸೆಟ್ಟಿನ ಅಳು ಮನೆಯವರದ್ದು. ನಿಕಾಹ್ ಪುಸ್ತಕದ ಹೆಸರುಗಳು ಆ ಕುಟುಂಬಗಳದ್ದು. ಯಾವುದು ಯಾರಿಗೆ ಎಂದು ಮೊದಲೇ ಬರೆದಿಡುವುದು ಅಮಾನತಿನ ಭಾಗ.

ಕೊನೆಗೆ ಕೀಲಿಯ ಪ್ರಶ್ನೆ. ಹಲವು ಕಡೆ ಮಸೀದಿಯ, ಸಂಘದ, ಮನೆಯ ಯಂತ್ರದ ಗುಪ್ತಪದ ಒಬ್ಬನ ತಲೆಯಲ್ಲಿ ಮಾತ್ರ ಇರುತ್ತದೆ. ಅವನು ಊರು ಬಿಟ್ಟರೆ, ಅಥವಾ ಹೆದ್ದಾರಿಯಲ್ಲಿ ಅಪಘಾತವಾದರೆ, ಡಿಸ್ಕು ಇದ್ದೂ ಇಲ್ಲದಂತೆ. ಎದೆಗಳ ಜೊತೆ ನೆನಪು ಮಣ್ಣಾಗುವ ಭಯ ಯಮಾಮಾದ ನಂತರ ಉಮರ್(ರ)ರಿಗೆ ಬಂದದ್ದು ಇದೇ. ಗುಪ್ತಪದವನ್ನು ಬರೆದು ಮುದ್ರೆ ಹಾಕಿದ ಲಕೋಟೆಯಲ್ಲಿ ಇಬ್ಬರ ಬಳಿ ಇಡಬೇಕು. ಯಾವ ಡಿಸ್ಕಿನಲ್ಲಿ ಏನಿದೆ ಎಂಬ ಪಟ್ಟಿಯನ್ನು ಕಾಗದದಲ್ಲಿ ಕನ್ನಡದಲ್ಲಿ ಬರೆದು ಚೌಕಟ್ಟಿನ ಬದಿಗೆ ಅಂಟಿಸಬೇಕು. ಆ ಇಬ್ಬರಲ್ಲಿ ಒಬ್ಬಳು ಹೆಣ್ಣಾಗಿರಲಿ. ಸುಳ್ಯದಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಗಿ ನಾಲ್ಕು ದಶಕಗಳಾಗುತ್ತಿವೆ, ಪುತ್ತೂರಿನಲ್ಲೂ ಕಾಲೇಜಿದೆ. ಕಂಪ್ಯೂಟರ್ ಕಲಿತ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿ ಇದ್ದಾರೆ. ಗೇಣಿ ಚೀಟಿಯನ್ನು ಪತ್ತಾಯದ ಸಂದಿಯಲ್ಲಿ ಕಾದವರ ಮೊಮ್ಮಕ್ಕಳು ಅವರು. ಜಮಾಅತಿನ ಕಮಿಟಿಗಳು ಈ ಲಕೋಟೆಯನ್ನು ಅವರ ಕೈಗೆ ಕೊಡಲು ಮುಂದಿನ ಮಹಾಸಭೆಯವರೆಗೂ ಕಾಯಬೇಕಾಗಿಲ್ಲ.